ನಕ್ಷೆಯಲ್ಲಿ ಮಾತ್ರ ನಿಂತ ಕಾರು

‘ನಮ್ಮನೇಲೇ ಎಂಜಿನಿಯರ್ ಇರೋವಾಗ ಹೊರಗಿನವರಿಗೆ ಯಾಕೆ ದುಡ್ಡು ಕೊಡ್ಬೇಕು? ಪ್ಲಾನ್ ನೀನೇ ಬರಿ’ ಎಂದು ಅಪ್ಪ ಹೇಳಿದಾಗ ನನಗೆ ಕೋಡು ಮೂಡಿದಂತಾಯಿತು. ನಾನು ಬಿಇ ಸಿವಿಲ್, ಆರನೇ ಸೆಮಿಸ್ಟರ್. ‘ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?’ ಎಂದು ಕೇಳುವ ನೆಂಟರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದ್ದವಳಿಗೆ ಕಡೆಗೂ ಮನೆಯಲ್ಲೇ ಒಂದು ಕೆಲಸ ಸಿಕ್ಕಿತ್ತು. ಆ ಕೆಲಸವೇ ನನಗೂ ಅಪ್ಪನಿಗೂ ಹದಿನೈದು ದಿನ ಮಾತು ಬಿಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಕೆಳಗೆ ಎರಡು ಕೋಣೆಯ ಮನೆ, ಮುಂದೆ ಕಾರು ನಿಲ್ಲುವಷ್ಟು ಜಾಗ. ಮಂಡಿ ಆಪರೇಷನ್ ಆದ ಮೇಲೆ ಅಜ್ಜಿ ನಮ್ಮ ಜೊತೆಗೇ ಇದ್ದಾರೆ. ಅವರು ಮಲಗುವುದು ಹಾಲ್‌ನಲ್ಲಿ. ಟಿ.ವಿ, ಓಡಾಟ, ಬಂದುಹೋಗುವವರು ಎಲ್ಲದರ ನಡುವೆ. ಮೆಟ್ಟಿಲು ಹತ್ತಲು ಆಗುವುದಿಲ್ಲ. ಹಾಗಾಗಿ ಮುಂದಿನ ಜಾಗದಲ್ಲೇ ಅವರಿಗೊಂದು ಕೋಣೆ, ಅಲ್ಲೇ ಬಚ್ಚಲು ಎಂಬುದು ಅಪ್ಪನ ಲೆಕ್ಕ. ‘ಕಾರು?’ ಎಂದೆ. ‘ಎಲ್ಲರದ್ದೂ ಬೀದೀಲಿ ನಿಂತಿಲ್ವಾ? ನಮ್ಮದೂ ನಿಲ್ಲುತ್ತೆ’ ಎಂದರು.

ಕಂಟ್ರಾಕ್ಟರ್ ಇನ್ನೂ ಸಲೀಸು ಮಾಡಿದರು. ‘ಪ್ಲಾನ್‌ನಲ್ಲಿ ಕಾರು ತೋರಿಸೋಣ ಸಾರ್, ಕಟ್ಟೋದು ರೂಮು. ಸಹಿ ಹಾಕೋ ಎಂಜಿನಿಯರ್ ನನಗೆ ಗೊತ್ತು.’

ಈ ಮಾತು ನನಗೆ ಹೊಸದಲ್ಲ. ನಾಲ್ಕನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಒಂದು ಕಚೇರಿಯಲ್ಲಿ ಇಂಟರ್ನ್‌ಶಿಪ್ ಮಾಡಿದ್ದೆ. ಅಲ್ಲಿ ಪ್ರತಿ ಮನೆಗೂ ಎರಡು ನಕ್ಷೆ. ಒಂದು ಪಾಲಿಕೆಗೆ, ಒಂದು ಮೇಸ್ತ್ರಿಗೆ. ಪಾಲಿಕೆಯ ನಕ್ಷೆಯಲ್ಲಿ ನೆಲಮಹಡಿ ಪೂರ್ತಿ ಪಾರ್ಕಿಂಗ್, ಸುತ್ತಲೂ ನಿಯಮದಷ್ಟು ಸೆಟ್‌ಬ್ಯಾಕ್. ಮೇಸ್ತ್ರಿಯ ನಕ್ಷೆಯಲ್ಲಿ ಅದೇ ಜಾಗದಲ್ಲಿ ಬಾಡಿಗೆಗೆ ಒಂದು ಮನೆ ಅಥವಾ ಅಂಗಡಿ. ಆಟೊಕ್ಯಾಡ್‌ನಲ್ಲಿ ಕಾರಿನ ರೆಡಿಮೇಡ್ ಚಿತ್ರ ಇರುತ್ತದೆ. ಅದನ್ನು ತಂದು ಕೂರಿಸಲು ಎರಡು ಕ್ಲಿಕ್ ಸಾಕು. ಆ ರಜೆಯಲ್ಲಿ ನಾನು ಎಷ್ಟು ಕಾರು ಹಾಗೆ ಕೂರಿಸಿದೆನೋ ಲೆಕ್ಕವಿಲ್ಲ. ಎಂದೂ ಬಂದು ನಿಲ್ಲದ ಕಾರುಗಳು! ಆಗ ನನಗೇನೂ ಅನಿಸಿರಲಿಲ್ಲ. ಬೇರೆಯವರ ಮನೆ, ಬೇರೆಯವರ ಬೀದಿ.

ಈಗ ನನ್ನದೇ ಬೀದಿ. ಟೇಪು ಹಿಡಿದು ಹೊರಗೆ ಹೋದೆ. ಒಂದು ಕಾರಿಗೆ ನಿಯಮ ಕೇಳುವ ಜಾಗ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಅಂದರೆ 13.75 ಚದರ ಮೀಟರ್, ಸುಮಾರು 148 ಚದರಡಿ. 1200 ಚದರಡಿ ಸೈಟಿನಲ್ಲಿ ಎಂಟನೇ ಒಂದು ಭಾಗ. ಬೆಂಗಳೂರಿನ ಭೂಮಿಯ ಬೆಲೆಯಲ್ಲಿ ಅಷ್ಟನ್ನು ಕಾರಿಗೆ ಬಿಡುವುದು ಹೊಟ್ಟೆ ಉರಿಯುವ ವಿಷಯವೇ. ಅಪ್ಪನದು ದುರಾಸೆ ಎಂದು ನಾನು ಹೇಳುವುದಿಲ್ಲ.

ಆದರೆ ಬೀದಿಯ ಲೆಕ್ಕವೂ ಇದೆಯಲ್ಲ? ನಮ್ಮದು ಇಪ್ಪತ್ತು ಅಡಿ ರಸ್ತೆ, ಅಂದರೆ ಆರು ಮೀಟರ್ ಚಿಲ್ಲರೆ. ಎರಡೂ ಬದಿ ಕಾರು ನಿಂತ ಕಡೆ, ಕನ್ನಡಿಯಿಂದ ಕನ್ನಡಿಗೆ ಅಳೆದರೆ ಉಳಿದದ್ದು 2.2 ಮೀಟರ್. ಅಗ್ನಿಶಾಮಕ ವಾಹನದ ಅಗಲವೇ ಎರಡೂವರೆ ಮೀಟರ್ ಹತ್ತಿರ. ಅಂದರೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬೆಂಕಿ ಹತ್ತಿದರೆ ವಾಹನ ಮೂಲೆಯಲ್ಲೇ ನಿಲ್ಲಬೇಕು. ಈ ಬೀದಿಯ ಅರ್ಧಕ್ಕರ್ಧ ಮನೆಗಳ ನಕ್ಷೆಯಲ್ಲಿ ಕಾರು ಗೇಟಿನ ಒಳಗೇ ನಿಂತಿರಬಹುದು. ಇಂಟರ್ನ್‌ಶಿಪ್‌ನಲ್ಲಿ ನಾನು ಕೂರಿಸಿದ ಕಾರುಗಳು ಇಲ್ಲಿ ಬಂದು ನಿಂತಿವೆ ಅನಿಸಿತು.

ಅಪ್ಪನಿಗೆ ಈ ಲೆಕ್ಕ ಹೇಳಿದೆ. ‘ಊರೆಲ್ಲ ಹೀಗೇ ಕಟ್ಟಿದೆ. ನೀನೊಬ್ಬಳು ಹರಿಶ್ಚಂದ್ರನ ಮೊಮ್ಮಗಳು’ ಎಂದು ಎದ್ದು ಹೋದರು. ‘ಮುಂದೆ ಅಕ್ರಮ–ಸಕ್ರಮದಲ್ಲಿ ಸರಿಯಾಗುತ್ತೆ’ ಎಂದು ಕಂಟ್ರಾಕ್ಟರ್ ಧೈರ್ಯ ತುಂಬಿದ್ದರು. ಆ ಯೋಜನೆಗಾಗಿ ಕಾನೂನಿಗೆ ತಿದ್ದುಪಡಿಯಾದದ್ದು 2007ರಲ್ಲಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಅದನ್ನು ನಂಬಿ ಗೋಡೆ ಎಬ್ಬಿಸುವುದು ಹೇಗೆ? 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಅನುಮತಿ ಮೀರಿ ಕಟ್ಟಿದ್ದು ವರ್ಷ ಕಳೆಯಿತು, ಹಣ ಸುರಿದಿದ್ದೇವೆ ಎಂಬ ಕಾರಣಕ್ಕೆ ಸಕ್ರಮ ಆಗುವುದಿಲ್ಲ ಎಂದಿತು. ಬ್ಯಾಂಕುಗಳು ಸಾಲ ಕೊಡುವ ಮುನ್ನ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಒ.ಸಿ ಪರಿಶೀಲಿಸಬೇಕು ಎಂದೂ ಹೇಳಿತು. ನಾನು ಇದನ್ನೆಲ್ಲ ಓದಿ ಹೇಳಿದೆ. ಅಪ್ಪ ಪೇಪರ್ ಮಡಚಿಟ್ಟರು.

ಜಗಳ ಬಗೆಹರಿಸಿದ್ದು ಕೋರ್ಟೂ ಅಲ್ಲ, ನನ್ನ ಟೇಪೂ ಅಲ್ಲ. ಅಜ್ಜಿ. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದರು: ‘ಆಸ್ಪತ್ರೆಯಿಂದ ಬಂದ ದಿನ ನನ್ನ ಮೂಲೆ ಅಂಗಡಿಯಿಂದ ಮನೆ ತನಕ ನಡೆಸ್ಕೊಂಡು ಬಂದೆಯಲ್ಲ, ಯಾರ್ದೋ ಕಾರು ಅಡ್ಡ ಇದೆ ಅಂತ. ಅವತ್ತು ನೀನು ಅವರನ್ನ ಎಷ್ಟು ಬೈದೆ! ಈಗ ನಿನ್ನ ಕಾರನ್ನ ಯಾವ ಮನೆ ಅಜ್ಜಿಗೆ ಅಡ್ಡ ನಿಲ್ಲಿಸ್ತೀಯಾ?’

ಅಪ್ಪ ಉತ್ತರ ಕೊಡಲಿಲ್ಲ. ಮರುದಿನ ಬೀರುವಿನಿಂದ ಹಳೆಯ ಮಂಜೂರಾತಿ ನಕ್ಷೆ ತೆಗೆದು ನನ್ನ ಮೇಜಿನ ಮೇಲಿಟ್ಟರು.

ಅದನ್ನು ಬಿಚ್ಚಿದಾಗ ಇನ್ನೊಂದು ಪೆಟ್ಟು. ಹಿತ್ತಲಿನಲ್ಲಿ ಅಮ್ಮ ಪಾತ್ರೆ, ಬಟ್ಟೆ ತೊಳೆಯಲು ಹಾಕಿಸಿಕೊಂಡಿದ್ದ ಶೀಟಿನ ಮನೆ ನಿಂತಿದ್ದೇ ಸೆಟ್‌ಬ್ಯಾಕ್‌ನಲ್ಲಿ! ಬೇರೆಯವರಿಗೆ ನ್ಯಾಯ ಹೇಳುತ್ತಿದ್ದ ನಾನು ತಲೆ ತಗ್ಗಿಸಿದೆ. ‘ಓದಿಸಿದ್ದಕ್ಕೆ ಒಳ್ಳೆ ಉಪಕಾರ ಮಾಡಿದೆ’ ಎಂದು ಅಮ್ಮ ವಾರಗಟ್ಟಲೆ ಗೊಣಗಿದರು. ಶೀಟು ಇಳಿಯಿತು.

ಕಡೆಗೆ ನಾವು ಮಾಡಿದ್ದು ಇಷ್ಟು. ಅಪ್ಪ, ಅಮ್ಮನ ಕೋಣೆ ಅಜ್ಜಿಗೆ. ಅದರ ಬಚ್ಚಲಿನ ಬಾಗಿಲು ವಾಕರ್ ಹೋಗುವಷ್ಟು ಅಗಲ, ಗೋಡೆಗೆ ಹಿಡಿಕೆ. ಅಪ್ಪ, ಅಮ್ಮನಿಗೆ ಮೇಲೆ ಹೊಸ ಕೋಣೆ. ಹಳೆಯ ಪಾಯ ಇನ್ನೊಂದು ಮಹಡಿ ತಾಳುತ್ತದೆಯೇ ಎಂದು ಅನುಭವಿ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿದೆವು. ನಕ್ಷೆ ಬರೆದದ್ದು ನಾನು, ತಿದ್ದಿ ಸಹಿ ಹಾಕಿದ್ದು ಅವರು. ಕಂಟ್ರಾಕ್ಟರ್ ಹೇಳಿದ್ದಕ್ಕಿಂತ ಖರ್ಚು ಜಾಸ್ತಿಯೇ ಆಗುತ್ತಿದೆ, ಸುಳ್ಳು ಹೇಳುವುದಿಲ್ಲ. ‘ಈ ವಯಸ್ಸಿಗೆ ಮೆಟ್ಟಿಲು ಹತ್ತಿಸ್ತಿದ್ದೀಯಾ’ ಎಂದು ಅಪ್ಪ ಈಗಲೂ ರೇಗಿಸುತ್ತಾರೆ. ಆದರೆ ಈ ಸಲ ಮೇಸ್ತ್ರಿಯ ಕೈಯಲ್ಲಿರುವುದೂ ಪಾಲಿಕೆಗೆ ಕೊಟ್ಟಿದ್ದೂ ಒಂದೇ ನಕ್ಷೆ. ಅದರಲ್ಲಿರುವ ಕಾರು ರಾತ್ರಿ ನಿಜವಾಗಿಯೂ ಗೇಟಿನ ಒಳಗೆ ನಿಲ್ಲುತ್ತದೆ.

ಒಂದು ಕಾರು ಕಡಿಮೆಯಾದ ಮಾತ್ರಕ್ಕೆ ನಮ್ಮ ಬೀದಿಯೇನೂ ಅಗಲವಾಗಿಲ್ಲ. ಹಾಗಿದ್ದರೂ ಇದನ್ನು ಬರೆಯಲು ಕಾರಣವಿದೆ. 2024ರಲ್ಲಿ ಬೆಂಗಳೂರಿಗೆ ‘ನಂಬಿಕೆ ನಕ್ಷೆ’ ಎಂಬ ವ್ಯವಸ್ಥೆ ಬಂತು. ಸಣ್ಣ ಸೈಟಿನ ಮನೆಗಳಿಗೆ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ಆನ್‌ಲೈನ್‌ನಲ್ಲಿ ನಕ್ಷೆ ಸಲ್ಲಿಸಿದರೆ ತಾತ್ಕಾಲಿಕ ಅನುಮತಿ ಮೊದಲು ಸಿಗುತ್ತದೆ, ದಾಖಲೆಗಳ ಪರಿಶೀಲನೆ ಆಮೇಲೆ. ಜನ ಕಚೇರಿ ಕಚೇರಿ ಅಲೆಯುವುದು ತಪ್ಪಲಿ ಎಂಬುದು ಅದರ ಉದ್ದೇಶ. ಆದರೆ ಹೆಸರು ನೋಡಿ, ‘ನಂಬಿಕೆ’. ಸರ್ಕಾರ ನಂಬುತ್ತಿರುವುದು ಯಾರನ್ನು? ಸಹಿ ಹಾಕುವ ಎಂಜಿನಿಯರನ್ನು.

ಇನ್ನು ಕೆಲವು ವರ್ಷಕ್ಕೆ ಆ ಸಹಿ ನನ್ನದಾಗಬಹುದು, ನನ್ನ ಕ್ಲಾಸ್‌ಮೇಟ್‌ಗಳದ್ದಾಗಬಹುದು. ಮೊದಲ ಕೆಲಸ, ಮೊದಲ ಸಂಬಳ, ‘ಎರಡು ಕ್ಲಿಕ್ ಅಷ್ಟೇ, ಹಾಕಮ್ಮ’ ಎನ್ನುವ ಬಾಸ್. ಇಲ್ಲ ಎನ್ನುವುದು ಸುಲಭವಲ್ಲ. ಮನೆಯಲ್ಲಿ ಅಪ್ಪನಿಗೆ ಹೇಳಲೇ ನನಗೆ ಹದಿನೈದು ದಿನ ಹಿಡಿಯಿತು. ಆದರೂ ಆ ಕಾರನ್ನು ಕೂರಿಸುವ ಮುಂಚೆ ಗೆಳೆಯರೇ, ಒಮ್ಮೆ ಟೇಪು ಹಿಡಿದು ಆ ಮನೆಯ ಮುಂದಿನ ಬೀದಿಗೆ ಹೋಗಿಬನ್ನಿ.