ಮಡಚಿ ಡಿಕ್ಕಿಗಿಟ್ಟ ಸೂರು

ಮಾಲೂರು ತಾಲ್ಲೂಕಿನವರಿಗೆ ಸೂರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆಯ ಮಣ್ಣು ಹಂಚಾಗಿ, ಇಟ್ಟಿಗೆಯಾಗಿ, ಲಾರಿ ಹತ್ತಿ ಎಷ್ಟೋ ಊರುಗಳ ಮನೆಗಳಿಗೆ ಹೋಗಿದೆ. ಲಕ್ಕೂರಿನಿಂದ ಮಾಲೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಹುಡುಗನಿಗೆ ಹಂಚಿನ ಕಾರ್ಖಾನೆಯ ಚಿಮಣಿ ಕಂಡರೆ ಪೇಟೆ ಬಂತೆಂದೇ ಲೆಕ್ಕ. ಇಂಥ ಊರಿನಲ್ಲಿ ಬೆಳೆದವನು ಒಂದು ದಿನ ಮನೆಗೆ ಬಂದು, ಗುಂಡಿ ಒತ್ತಿದರೆ ತಗಡಿನ ಸೂರೇ ಎದ್ದು, ಮಡಚಿಕೊಂಡು, ಡಿಕ್ಕಿಯೊಳಗೆ ಮಲಗುವ ಕಾರುಗಳಿವೆಯಂತೆ ಎಂದು ಹೇಳಿದರೆ ಹಿರಿಯರು ಏನನ್ನಬೇಕು? ನಮ್ಮ ಮಾವ ಅಂದದ್ದು ಇಷ್ಟೇ: ‘ಮನೆ ಕಟ್ಟೋನು ಸೂರು ಹಾಕೋಕೆ ಸಾಲ ಮಾಡ್ತಾನೆ. ಇವ್ನು ಯಾವನಪ್ಪ, ಸೂರು ತೆಗ್ಯೋಕೆ ಸಾಲ ಮಾಡೋನು?’

ಮಾವನಿಗೆ ಆಗ ಉತ್ತರ ಕೊಡಲಾಗಲಿಲ್ಲ. ಈಗ ಕೊಡಬಹುದೇನೋ. ಯಾಕೆಂದರೆ ಬಿಚ್ಚಿಡುವ ಸೂರು ಅವರ ಹಟ್ಟಿಯಲ್ಲೇ ಇತ್ತು. ಶ್ರಾವಣದ ಶನಿವಾರ ಚಿಕ್ಕ ತಿರುಪತಿಗೆ ಹೊರಟಾಗ ಬಂಡಿಗೆ ಬಿದಿರು ದಬ್ಬೆ ಬಗ್ಗಿಸಿ ಚಾಪೆ ಹೊದಿಸಿದ ಕಮಾನು ಕಟ್ಟುತ್ತಿದ್ದರು. ಸೋಮವಾರ ಹೊಲಕ್ಕೆ ಗೊಬ್ಬರ ಹೊಡೆಯುವಾಗ ಅದೇ ಕಮಾನನ್ನು ಬಿಚ್ಚಿ ಗೋಡೆಗೆ ಒರಗಿಸುತ್ತಿದ್ದರು. ಒಂದೇ ಬಂಡಿ, ಎರಡು ವೇಷ. ಕಾರಿನವರು ಮುಕ್ಕಾಲು ಶತಮಾನ ತಲೆ ಕೆಡಿಸಿಕೊಂಡದ್ದು ಇಷ್ಟಕ್ಕೇ. ಒಂದೇ ವ್ಯತ್ಯಾಸವೆಂದರೆ, ಬಿಚ್ಚಿದ ಕಮಾನನ್ನು ಮನೆಯಲ್ಲಿ ಬಿಟ್ಟು ಹೋಗದೆ ಜೊತೆಯಲ್ಲೇ ಹೊತ್ತೊಯ್ಯಬೇಕಿತ್ತು. ದಾರಿಯಲ್ಲಿ ಮಳೆ ಬಂದರೆ ಏನು ಗತಿ?

ತೆರೆದ ಕಾರನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಬೆಂಗಳೂರಿನ ವೈಟ್‌ಫೀಲ್ಡ್ ರಸ್ತೆಯಲ್ಲಿ. ಮಾಲೂರಿನಿಂದ ರೈಲು ಹಿಡಿದು ಕೃಷ್ಣರಾಜಪುರದಲ್ಲಿ ಇಳಿದು ಬಸ್ಸಿಗೆ ಕಾಯುವ ದಿನಗಳವು. ಸೊಂಟದೆತ್ತರದ, ಎರಡೇ ಸೀಟಿನ ಕಾರು ಒಂದು ಲಾರಿಯ ಪಕ್ಕ ನಿಂತಿತ್ತು. ಲಾರಿ ಕ್ಲೀನರ್ ಬಾಗಿಲಿನಿಂದ ಬಗ್ಗಿ ನೇರವಾಗಿ ಕಾರಿನವನ ತೊಡೆಯ ಮೇಲಿದ್ದ ಪೇಪರನ್ನೇ ಓದುತ್ತಿದ್ದ. ಆ ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ವಿದೇಶದ್ದಿರಬೇಕು ಎಂದುಕೊಂಡಿದ್ದೆ. ಅದನ್ನು ತಂದ ಸಂಸ್ಥೆ ಅದೇ ವೈಟ್‌ಫೀಲ್ಡ್ ರಸ್ತೆಯದು ಎಂದು ಆಮೇಲೆ ಗೊತ್ತಾಯಿತು.

ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ ಕಾರಿನ ಮನೆತನದ್ದಲ್ಲ. ಕಾರ್ಖಾನೆಗಳ ಅಂಗಳದಲ್ಲಿ ವ್ಯಾಗನ್‌ಗಳನ್ನು ಅತ್ತಿಂದಿತ್ತ ಎಳೆಯುವ ಡೀಸೆಲ್ ರೈಲು ಎಂಜಿನ್‌ಗಳನ್ನು ಮಾಡುವುದು ಅದರ ಕಸುಬು. ಆನೆ ಸಾಕುವವನು ಜಿಂಕೆ ಮರಿ ತಂದ ಹಾಗೆ, ಅದರ ಅಂಗಸಂಸ್ಥೆ ಸ್ಯಾನ್ ಮೋಟಾರ್ಸ್ 1998ರಲ್ಲಿ ಈ ಪುಟ್ಟ ಕಾರನ್ನು ಹೊರತಂದಿತು. ವಿನ್ಯಾಸ ಫ್ರಾನ್ಸಿನ ಲೆ ಮಾನ್ಸ್ ಗುಂಪಿನದು. ಎಂಜಿನ್ನೂ ಫ್ರಾನ್ಸಿನದೇ, ರೆನೋದ 1149 ಸಿಸಿ, ಸುಮಾರು 60 ಅಶ್ವಶಕ್ತಿ. ಮೈ ತಗಡಿನದಲ್ಲ, ಫೈಬರಿನದು. ಮೇಲೆ ಬಟ್ಟೆಯ ಹುಡ್. ಹ್ಯುಂಡೈ ಸ್ಯಾಂಟ್ರೋ, ಟಾಟಾ ಇಂಡಿಕಾ ಎರಡೂ ಬಂದ ವರ್ಷವೇ ಅದು. ಮಾರುತಿ 800 ಕೊಳ್ಳುವುದೋ ಇವೆರಡರಲ್ಲೊಂದನ್ನು ಕೊಳ್ಳುವುದೋ ಎಂದು ಊರಿಗೆ ಊರೇ ಲೆಕ್ಕ ಹಾಕುತ್ತಿದ್ದಾಗ, ಹಿಂದಿನ ಸೀಟೇ ಇಲ್ಲದ, ಸೂರು ಬಿಚ್ಚುವ ಕಾರನ್ನು ಮುಂದಿಟ್ಟ ಧೈರ್ಯವನ್ನು ಮೆಚ್ಚಬೇಕು. ವ್ಯಾಪಾರದ ಬುದ್ಧಿಯನ್ನು ಮೆಚ್ಚುವುದು ಕಷ್ಟ. ಅಜ್ಜಿಯನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಾರು ನಮ್ಮಲ್ಲಿ ಬಹಳ ದಿನ ಬಾಳುವುದಿಲ್ಲ. ರಸ್ತೆಯ ಮೇಲೆ ಸ್ಟಾರ್ಮ್ ಕಾಣುವುದು ಅಪರೂಪವಾಗಿಯೇ ಉಳಿಯಿತು.

ಸ್ಟಾರ್ಮ್ ಬಂದ ವರ್ಷವೇ ಜಿನೀವಾ ಮೋಟಾರು ಮೇಳದಲ್ಲಿ ಪ್ಯೂಜೊ ಕಂಪನಿ ಒಂದು ಮಾದರಿ ಕಾರು ತೋರಿಸಿತು. ಸಾಧಾರಣ ಸಂಸಾರಗಳು ಕೊಳ್ಳುವ ಚಿಕ್ಕ ಕಾರಿನ ಮೇಲೆ ಮಡಚುವ ತಗಡಿನ ಸೂರು. ಆ ಉಪಾಯದ ಬೇರು ಮಾತ್ರ ಅರವತ್ತು ವರ್ಷ ಹಿಂದಕ್ಕೆ ಹೋಗುತ್ತದೆ, ಒಬ್ಬ ಹಲ್ಲಿನ ವೈದ್ಯನ ತನಕ.

ಜಾರ್ಜ್ ಪೋಲಾಂ ಪ್ಯಾರಿಸ್ಸಿನಲ್ಲಿ ಹಲ್ಲು ನೋಡಿಕೊಂಡೇ ಕಾರಿನ ಚಿತ್ರ ಬರೆಯುತ್ತಿದ್ದ. ಗಟ್ಟಿ ಚಾವಣಿಯನ್ನು ಇಡಿಯಾಗಿ ಹಿಂದಕ್ಕೆ ಜಾರಿಸಿ ಬಾಲದೊಳಗೆ ಇಳಿಸುವ ವಿಧಾನಕ್ಕೆ 1930ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ. ಮಾರ್ಸೆಲ್ ಪೂರ್ತು ಎಂಬ ಬಾಡಿ ಕಟ್ಟುವವನು ಅದನ್ನು ಪ್ಯೂಜೊ ಚಾಸಿಯ ಮೇಲೆ ಕೂರಿಸಿದ. ‘ಎಕ್ಲಿಪ್ಸ್’, ಅಂದರೆ ಗ್ರಹಣ, ಎಂದು ಹೆಸರಿಟ್ಟರು. 1935ರ ಪ್ಯೂಜೊ 402 ಎಕ್ಲಿಪ್ಸ್‌ನಲ್ಲಿ ಸೂರು ವಿದ್ಯುತ್ತಿನಿಂದ ಏರಿ ಇಳಿಯುತ್ತಿತ್ತು. ಮರುವರ್ಷವೇ ವಿದ್ಯುತ್ತು ಬಿಟ್ಟು ಕೈಯಲ್ಲಿ ಸರಿಸುವ ವ್ಯವಸ್ಥೆಗೆ ಬಂದರು. ಯುದ್ಧ ಬಂತು. ಪೋಲಾಂ ಬ್ರಿಟಿಷರಿಗಾಗಿ ಗುಟ್ಟಾಗಿ ಕೆಲಸ ಮಾಡಿದ, ಸಿಕ್ಕಿಬಿದ್ದ, 1942ರಲ್ಲಿ ನಾಜಿಗಳು ಗುಂಡಿಟ್ಟು ಕೊಂದರು. ಆಗ ಅವನಿಗೆ ನಲವತ್ತು ತುಂಬಿತ್ತೋ ಇಲ್ಲವೋ.

ಅವನ ಸೂರಿಗೆ ಒಂದು ತೊಡಕಿತ್ತು. ಇಡೀ ಹಲಗೆ ಒಂದೇ ತುಂಡಾಗಿ ಹಿಂದೆ ಹೋಗುವುದರಿಂದ ಕಾರಿನ ಬಾಲ ಸೂರಿನಷ್ಟೇ ಉದ್ದವಿರಬೇಕು. ಹಾಗಾಗಿ ಅದು ದೊಡ್ಡ ಕಾರಿನ, ದೊಡ್ಡ ಜನರ ಆಟವೇ ಆಯಿತು. ಅಮೆರಿಕದ ಫೋರ್ಡ್ 1957ರಲ್ಲಿ ಸ್ಕೈಲೈನರ್ ತಂದಾಗ ಸೂರಿನ ಮುಂಭಾಗದ ಒಂದು ಪಟ್ಟಿಯನ್ನು ಒಳಕ್ಕೆ ಮಡಚಿ ಸ್ವಲ್ಪ ಜಾಗ ಉಳಿಸಿತು. ಆ ಒಂದು ಮಡಿಕೆಗೆ, ಆ ಒಂದು ಏರಿಳಿತಕ್ಕೆ ಎಷ್ಟು ಸರಂಜಾಮು ಗೊತ್ತೆ? ಸಾಲು ಸಾಲು ಮೋಟಾರು, ರಿಲೇ, ಸ್ವಿಚ್ಚು, ಮೇಲೆ 610 ಅಡಿ ವೈರು. ನಮ್ಮೂರ ಹಳೆಯ ಮನೆಯ ವೈರಿಂಗಿಗೂ ಅಷ್ಟು ಬೇಕಾಗಿರಲಿಕ್ಕಿಲ್ಲ. ಮೂರು ವರ್ಷದಲ್ಲಿ 48,394 ಕಾರು ಮಾಡಿ ಫೋರ್ಡ್ ಕೈ ತೊಳೆದುಕೊಂಡಿತು.

ಮೂರೂವರೆ ದಶಕ ಹೆಚ್ಚು ಕಡಿಮೆ ಮೌನ. 1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಬಂದು ಸೂರನ್ನು ಎರಡು ತುಂಡು ಮಾಡಿ ಪುಸ್ತಕದಂತೆ ಮಡಚಿ ತೋರಿಸಿತು. ಅದು ಸಿರಿವಂತರ ಕಾರೇ. ಆದರೆ ಮಡಚಿದ ಪುಸ್ತಕಕ್ಕೆ ಅರ್ಧ ಕಪಾಟು ಸಾಕೆಂಬ ಪಾಠ ಉಳಿದವರಿಗೂ ಸಿಕ್ಕಿತು. 2000ದಲ್ಲಿ ಪ್ಯೂಜೊ ತನ್ನ ಹಳೆಯ ಗ್ರಹಣವನ್ನು ಮತ್ತೆ ನೆನೆದು 206 ಸಿಸಿ ಎಂಬ ಕಾರನ್ನು (ಈ ಸಿಸಿ ಎಂಜಿನ್ನಿನ ಅಳತೆಯಲ್ಲ, ಹೆಸರಿನದೇ ಭಾಗ) ಮಾರುಕಟ್ಟೆಗೆ ಬಿಟ್ಟಿತು. ಮಧ್ಯಮ ವರ್ಗದ ಕೈಗೆ ಸೂರು ಮಡಚುವ ಕಾರು ಸಿಕ್ಕಿದ್ದು ನಿಜವಾಗಿ ಆಗಲೇ.

ಅದರ ಆಟ ಹೀಗೆ. ಮುಂದಿನ ಗಾಜಿನ ಚೌಕಟ್ಟಿಗೆ ಸೂರನ್ನು ಬಿಗಿದ ಎರಡು ಚಿಲಕಗಳನ್ನು ಕೈಯಲ್ಲೇ ಬಿಚ್ಚಬೇಕು. ಗುಂಡಿ ಒತ್ತಿದರೆ ಕಿಟಕಿಗಳು ಇಳಿಯುತ್ತವೆ. ಡಿಕ್ಕಿಯ ಮುಚ್ಚಳ ಎಂದಿನಂತೆ ಮುಂದಕ್ಕಲ್ಲ, ಹಿಂದಕ್ಕೆ ವಾಲಿ ತೆರೆದುಕೊಳ್ಳುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಉರುಳೆಗಳು, ಅಂದರೆ ಜೆಸಿಬಿಯ ತೋಳಿನಲ್ಲಿರುವಂಥವೇ ಆದರೆ ಬೆರಳುಗಾತ್ರದವು, ಸೂರನ್ನು ಎತ್ತಿ ಹಿಂದಿನ ಗಾಜಿನ ತುಂಡಿನ ಮೇಲೆ ಮಡಚಿ ಒಳಗೆ ಮಲಗಿಸುತ್ತವೆ. ಮುಚ್ಚಳ ಬೀಳುತ್ತದೆ. ಎಲ್ಲಕ್ಕೂ ಇಪ್ಪತ್ತು ಸೆಕೆಂಡು ಆಸುಪಾಸು. ಒಂದು ಭಾಗ ತನ್ನ ಜಾಗಕ್ಕೆ ಬಂದಿತೆಂದು ಪುಟ್ಟ ಸ್ವಿಚ್ಚೊಂದು ವರದಿ ಕೊಡದಿದ್ದರೆ ಮುಂದಿನ ಹೆಜ್ಜೆ ಇಲ್ಲ; ಹಾಗಾಗಿ ಐವತ್ತು ರೂಪಾಯಿಯ ಸ್ವಿಚ್ಚು ಕೆಟ್ಟರೂ ಸೂರು ಅರ್ಧ ಆಕಾಶದಲ್ಲಿ ಕೈ ಎತ್ತಿ ನಿಲ್ಲುತ್ತದೆ. ಈ ಯಂತ್ರವನ್ನು ಮಾಡಿಕೊಟ್ಟದ್ದು ಫ್ರಾನ್ಸಿನ ಹ್ಯೂಲಿಯೆ ಎಂಬ ಬಾಡಿ ಕಟ್ಟುವ ಸಂಸ್ಥೆ.

ಚಿಕ್ಕ ಕಾರಿಗೆ ಇದನ್ನು ಹೊಂದಿಸುವಾಗ ಒಂದು ಜಾಣತನವನ್ನೂ ಒಂದು ಮೋಸವನ್ನೂ ಮಾಡಿದರು. ಎರಡೂ ಒಂದೇ. ಮುಂದಿನ ಗಾಜನ್ನು ಬಹಳ ಓರೆಯಾಗಿಸಿ ಚಾಲಕನ ಹಣೆಯ ಹತ್ತಿರದ ತನಕ ಎಳೆದರು. ಗಾಜು ಉದ್ದವಾದಷ್ಟೂ ಸೂರು ಗಿಡ್ಡ, ಗಿಡ್ಡವಾದಷ್ಟೂ ಡಿಕ್ಕಿಯಲ್ಲಿ ಹಿಡಿಸುತ್ತದೆ. ಆದರೆ ಸೂರು ತೆಗೆದ ಮೇಲೂ ಕಣ್ಣೆದುರಿಗೆ ಆಕಾಶಕ್ಕಿಂತ ಗಾಜಿನ ಚೌಕಟ್ಟೇ ಹೆಚ್ಚು! ಹಿಂದಿನ ಸೀಟು ಹೆಸರಿಗೆ ಮಾತ್ರ; ಅಲ್ಲಿ ಕೂರುವವರಿಗೆ ಕಾಲಿರಬಾರದು. ಸೂರು ಹಾಕಿದ್ದಾಗ ಸಂತೆಗೆ ಸಾಕಾಗುವ ಡಿಕ್ಕಿ, ಸೂರು ಒಳಗೆ ಬಂದೊಡನೆ ಅರ್ಧಕ್ಕಿಂತ ಕಡಿಮೆ. ಇನ್ನೊಂದು ಮಾತು: ಕಾರಿನ ಸೂರು ಬರೀ ಮುಚ್ಚಳವಲ್ಲ. ಬೆಂಕಿಪೆಟ್ಟಿಗೆಯ ಹೊದಿಕೆ ತೆಗೆದು ಒಳಗಿನ ತಟ್ಟೆಯನ್ನು ತಿರುಚಿ ನೋಡಿ, ಗೊತ್ತಾಗುತ್ತದೆ. ಸೂರು ಹೋದ ಬಲವನ್ನು ಕೆಳಗೆ, ಬಾಗಿಲ ಹೊಸ್ತಿಲಿಗೆ ದಪ್ಪ ಉಕ್ಕು ಹಾಕಿ ತುಂಬಿಕೊಳ್ಳಬೇಕು. ಹೀಗೆ ಸೂರಿಲ್ಲದ ಕಾರು ಸೂರಿರುವ ಕಾರಿಗಿಂತ ಭಾರವಾಗುತ್ತದೆ. ಮಾವನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಆದರೂ ಜನ ಮುಗಿಬಿದ್ದರು. ಬಟ್ಟೆಯ ಹುಡ್ ಎಂದರೆ ಕಳ್ಳನ ಬ್ಲೇಡಿನ ಭಯ, ಚಳಿಯ ಭಯ, ಗಾಳಿಯ ಸದ್ದು. ತಗಡಿನ ಸೂರಿಗೆ ಅದಾವುದೂ ಇಲ್ಲ. 206 ಸಿಸಿ ಲಕ್ಷಗಟ್ಟಲೆ ಮಾರಾಟವಾದದ್ದನ್ನು ನೋಡಿ ಒಪೆಲ್ ಟಿಗ್ರಾ ಟ್ವಿನ್‌ಟಾಪ್, ನಿಸಾನ್ ಮೈಕ್ರಾ ಸಿ+ಸಿ, ಮಿತ್ಸುಬಿಷಿ ಕೋಲ್ಟ್ ಸಿಝಡ್‌ಸಿ ಸಾಲುಗಟ್ಟಿದವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಲುವೆ 2002ರ ಜಪಾನಿನ ಡೈಹಾಟ್ಸು ಕೋಪೆನ್. ಉದ್ದ 3.395 ಮೀಟರು, ನಮ್ಮ ಮಾರುತಿ 800ಕ್ಕಿಂತ ನಾಲ್ಕು ಬೆರಳು ಹೆಚ್ಚು, ಅಷ್ಟೇ. ಎಂಜಿನ್ 659 ಸಿಸಿ, ಅಂದರೆ 800ಕ್ಕಿಂತಲೂ ಚಿಕ್ಕದು, ಜೊತೆಗೊಂದು ಟರ್ಬೊ. ಅಷ್ಟು ಪುಟ್ಟ ಮೈಯಲ್ಲಿ ತಗಡಿನ ಸೂರು ಇಪ್ಪತ್ತು ಸೆಕೆಂಡಿನಲ್ಲಿ ಮಡಚಿ ಒಳಗೆ ಹೋಗುತ್ತದೆ. ಹೋದ ಮೇಲೆ ಡಿಕ್ಕಿಯಲ್ಲಿ ಒಂದು ಕೈಚೀಲ ಇಟ್ಟರೆ ದೊಡ್ಡದು.

ಇವುಗಳಲ್ಲಿ ಒಂದೂ ನಮ್ಮಲ್ಲಿಗೆ ಅಗ್ಗದ ಕಾರಾಗಿ ಬರಲಿಲ್ಲ. ಹೊರದೇಶದಲ್ಲಿ ತಯಾರಾಗಿ ಬರುವ ಕಾರಿನ ಮೇಲೆ ಬೀಳುವ ಸುಂಕ, ಸಾಧಾರಣ ಕಾರನ್ನೂ ಸಿರಿವಂತರ ಕಾರು ಮಾಡಿಬಿಡುತ್ತದೆ. ತಗಡಿನ ಸೂರು ಮಡಚುವುದನ್ನು ಬೆಂಗಳೂರಿನವರು ನೋಡಿದ್ದು ಎಸ್‌ಎಲ್‌ಕೆ, ಬಿಎಂಡಬ್ಲ್ಯೂ ಝಡ್4ಗಳಲ್ಲಿ. ಇಲ್ಲೇ ಮಾಡುವ ಯೋಚನೆಯ ಹತ್ತಿರಕ್ಕೆ ಬಂದದ್ದು ಬೊಮ್ಮಸಂದ್ರದ ರೇವಾ. ಚೇತನ್ ಮೈನಿ ಅವರ ಈ ವಿದ್ಯುತ್ ಕಾರು ಸಂಸ್ಥೆ 2009ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಎನ್‌ಎಕ್ಸ್‌ಜಿ ಎಂಬ ಎರಡು ಸೀಟಿನ ಮಾದರಿ ತೋರಿಸಿತು. ದಿಲೀಪ್ ಛಾಬ್ರಿಯಾ ಅವರ ವಿನ್ಯಾಸ, ತಲೆಯ ಮೇಲಿನ ಹಲಗೆ ತೆಗೆಯಬಹುದಾದ ಸೂರು. ಮರುವರ್ಷ ರೇವಾ ಮಹೀಂದ್ರದ ಪಾಲಾಯಿತು. 2013ರಲ್ಲಿ ರಸ್ತೆಗಿಳಿದದ್ದು ನಾಲ್ಕು ಜನ ಕೂರುವ, ಗಟ್ಟಿ ಸೂರಿನ ಇ2ಒ. ಅಜ್ಜಿಗೆ ಜಾಗ ಸಿಕ್ಕಿತು.

ಹೊರಗಿನವರ ಮೋಹವೂ ಬಹಳ ಕಾಲ ಉಳಿಯಲಿಲ್ಲ. 2010ರ ಹೊತ್ತಿಗೆ ಟಿಗ್ರಾ, ಮೈಕ್ರಾ, ಕೋಲ್ಟ್ ಮೂರೂ ನಿಂತಿದ್ದವು. ಸೂರು ಮಾಡಿಕೊಡುತ್ತಿದ್ದ ಹ್ಯೂಲಿಯೆ ದಿವಾಳಿಯಾಗಿ 2013ರಲ್ಲಿ ಬಾಗಿಲು ಹಾಕಿತು. ತೆರೆದ ಕಾರಿಗೆ ಇಡುತ್ತಿದ್ದ ದುಡ್ಡನ್ನು ಜನ ಎತ್ತರದ ಎಸ್‌ಯುವಿಗೆ ಇಟ್ಟರು. ಸಾಲದ್ದಕ್ಕೆ ಬಟ್ಟೆಯೇ ಬದಲಾಯಿತು: ಹಲವು ಪದರದ, ಸದ್ದು ತಡೆಯುವ, ಚಳಿಗೆ ಜಗ್ಗದ ಬಟ್ಟೆ ಬಂತು. ಹಗುರ, ಅಗ್ಗ, ಮಡಚಿದರೆ ಕಂಬಳಿಯಷ್ಟು. 2018ರ ಹೊಸ ಝಡ್4 ತಗಡು ಬಿಟ್ಟು ಬಟ್ಟೆಗೆ ಮರಳಿತು. 2021ರ ಮರ್ಸಿಡಿಸ್ ಎಸ್‌ಎಲ್ ಕೂಡ. ತಗಡಿನ ಸೂರನ್ನು ಜನಪ್ರಿಯ ಮಾಡಿದವರೇ ಕೊನೆಗೆ ಚಾಪೆಯ ಕಮಾನಿಗೆ ಬಂದರು ಎನ್ನಿ.

ಚಾಪೆಯ ಕಮಾನು ನಮ್ಮಲ್ಲಿ ಎಂದೂ ಹೋಗಿರಲಿಲ್ಲ. ಟಾರ್ಪಾಲಿನ ಹುಡ್ ಕಟ್ಟಿದ ಮಹೀಂದ್ರ ಜೀಪು, ಹಿಂದಿನಿಂದ ಹುಡುಗರು ಜೋತು ಬೀಳುವ ಜೀಪು, ನಮ್ಮ ಬಯಲುಸೀಮೆಯ ನಿಜವಾದ ಸೂರು ಬಿಚ್ಚುವ ವಾಹನ. ಮದುವೆಗೆ ಹುಡ್ ಕಟ್ಟಿ, ಮೆರವಣಿಗೆಗೆ ಹುಡ್ ಬಿಚ್ಚಿ, ಚುನಾವಣೆ ಬಂದರೆ ಮೈಕು ಕಟ್ಟಿ ಓಡಿಸಿದ್ದು ಅದನ್ನೇ. ಅದರ ಮೊಮ್ಮಗ ಥಾರ್ 2020ರ ಅಕ್ಟೋಬರ್ 2ರಂದು ಹೊಸ ರೂಪದಲ್ಲಿ ಬಂದಾಗ ಆರಂಭದ ಬೆಲೆ 9.80 ಲಕ್ಷ ರೂಪಾಯಿ. ಗಟ್ಟಿ ಸೂರಿನದೂ ಇತ್ತು, ಮಡಚುವ ಬಟ್ಟೆಯದೂ ಇತ್ತು. ನಾನು ನಮ್ಮ ರಸ್ತೆಯಲ್ಲಿ ಕಾಣುವ ಥಾರ್‌ಗಳಲ್ಲಿ ಹೆಚ್ಚಿನವು ಗಟ್ಟಿ ಸೂರಿನವು. ಬೇಸಿಗೆಯ ಹನ್ನೆರಡು ಗಂಟೆಗೆ ಟೇಕಲ್ಲಿನ ಬಂಡೆಗಳ ನಡುವೆ ಒಮ್ಮೆ ಸೂರಿಲ್ಲದೆ ಓಡಿಸಿ ಸ್ಟೇರಿಂಗ್ ಮುಟ್ಟಿ ನೋಡಿದವರು ಯಾಕೆಂದು ಕೇಳುವುದಿಲ್ಲ. ಆಕಾಶ ಬೇಕೆನ್ನುವವರಿಗೆ ಸನ್‌ರೂಫ್ ಇದೆ. ಅದರಲ್ಲಿ ಮಕ್ಕಳನ್ನು ನಿಲ್ಲಿಸಿ ಹೆದ್ದಾರಿಯಲ್ಲಿ ಓಡಿಸುವ ತಂದೆಯರನ್ನು ಮಾತ್ರ ಇಳಿಸಿ ಕೇಳಬೇಕೆನಿಸುತ್ತದೆ.

ಹಾಗಾದರೆ 1998ರ ಆ ಸ್ಟಾರ್ಮ್? ಅಗ್ಗದ, ಚಿಕ್ಕ, ಸೂರು ಬಿಚ್ಚುವ ಕಾರನ್ನು ಕನ್ನಡದ ನೆಲದ ಸಂಸ್ಥೆಯೊಂದು ಮನಸ್ಸಿಟ್ಟು ತಂದ ಪ್ರಸಂಗ ನನಗೆ ಗೊತ್ತಿದ್ದಂತೆ ಅದೊಂದೇ. ಅದರ ರೆನೋ ಎಂಜಿನ್ನಿಗೆ ಬಿಡಿಭಾಗ ಕೊಡಬೇಕಾದ ರೆನೋ ಕಾರುಗಳು ಭಾರತದ ಅಂಗಡಿಗೆ ಬಂದದ್ದೇ 2007ರಲ್ಲಿ, ಮಹೀಂದ್ರದ ಜೊತೆಗೂಡಿ ಲೋಗನ್ ರೂಪದಲ್ಲಿ. ಹಾಗಾಗಿ ಉಳಿದಿರುವ ಒಂದೊಂದು ಸ್ಟಾರ್ಮ್ ಕೂಡ ಯಾರೋ ಹಟ ಹಿಡಿದು ಉಳಿಸಿಕೊಂಡದ್ದೇ ಇರಬೇಕು.

ನಿಮ್ಮ ಪರಿಚಯದವರ ಶೆಡ್ಡಿನಲ್ಲೋ ಹೊಲದ ಮೂಲೆಯಲ್ಲೋ ಟಾರ್ಪಾಲಿನ ಕೆಳಗೆ ಅಂಥದ್ದೊಂದು ಧೂಳು ಹಿಡಿದು ನಿಂತಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಫೈಬರಿನ ಮೈಗೆ ಗುಜರಿಯವನು ಕಾಸೂ ಕೊಡುವುದಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಅಂಥ ಕಡೆ ಕೇಳಿ ನೋಡಿ. ಅಲ್ಲಿಯ ತನಕ ಹುಡ್ಡಿನ ಬಟ್ಟೆಯನ್ನು ಮಡಚಿ ಇಡಬೇಡಿ, ಬಿಡಿಸಿಯೇ ಇಡಿ. ಮಡಿಕೆಯಲ್ಲೇ ಅದು ಮೊದಲು ಹರಿಯುವುದು.