ಬೆಂಗಳೂರಿನ ‘ಮಾರುತ್’ ಮರುಭೂಮಿಯಲ್ಲಿ ಮೆರೆದದ್ದು

ನಾಗಣಸೂರ, ಅಕ್ಕಲಕೋಟ ಕಡೆ ಮಾರುತಿ ಗುಡಿ ಇಲ್ಲದ ಊರು ಹುಡುಕಿದರೂ ಸಿಗಲಿಕ್ಕಿಲ್ಲ. ಗಾಳಿಯ ಮಗ ಮಾರುತಿ. ಅದೇ ಗಾಳಿಯ ಹೆಸರು ಹೊತ್ತು ಬೆಂಗಳೂರಿನಲ್ಲಿ ಒಂದು ಯುದ್ಧವಿಮಾನ ಹುಟ್ಟಿತ್ತು. ಅದೇ ಎಚ್‌ಎಫ್‌-24 ‘ಮಾರುತ್’, ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ.

ಜರ್ಮನಿಯ ಹೆಸರಾಂತ ವಿನ್ಯಾಸಗಾರ ಕುರ್ಟ್ ಟ್ಯಾಂಕ್ 1956ರಲ್ಲಿ ಇದಕ್ಕಾಗಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಗೆ ಬಂದರು. ಆದರೆ ಅಲ್ಲಿ ಮೊದಲೇ ಹೊಲ ಹದ ಮಾಡಿ ಇಟ್ಟವರು ನಮ್ಮ ಗಡಿ ಭಾಗದವರೇ. ಕೊಲ್ಹಾಪುರ ಜಿಲ್ಲೆಯ ಹಸೂರಚಂಪುವಿನಲ್ಲಿ 1908ರಲ್ಲಿ ಹುಟ್ಟಿದ ಡಾ. ವಿಷ್ಣು ಮಾಧವ ಘಾಟಗೆ 1940ರಲ್ಲೇ ಕಾರ್ಖಾನೆ ಸೇರಿದ್ದರು. ಅವರ ಮುಂದಾಳತ್ವದಲ್ಲಿ ತಯಾರಾದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತ್ತು. ಆ ಅನುಭವದ ಮೇಲೆ ಮಾರುತ್ ಬೆಳೆಯಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು.

ಮೈಕಟ್ಟು ಖಿಲಾರಿ ಎತ್ತಿನದು. ಕೊರತೆ ಇದ್ದದ್ದು ಎಂಜಿನ್‌ನಲ್ಲಿ. ಬೇಕಾಗಿದ್ದ ಬಲವಾದ ಎಂಜಿನ್ ಬೆಳೆಸಲು ಬ್ರಿಟನ್ ನಮ್ಮಿಂದ ರೊಕ್ಕ ಕೇಳಿತು, ದಿಲ್ಲಿ ಒಪ್ಪಲಿಲ್ಲ. ಕಡಿಮೆ ಬಲದ ಎರಡು ಆರ್ಫಿಯಸ್ ಎಂಜಿನ್ ಕಟ್ಟಿಕೊಂಡೇ ಮಾರುತ್ ದುಡಿಯಬೇಕಾಯಿತು. ಶಬ್ದದ ವೇಗವನ್ನು ಬಹಳ ದಾಟಲಿ ಅಂತ ಮಾಡಿದ ವಿಮಾನ ಅದರ ಹತ್ತಿರಕ್ಕಷ್ಟೇ ಮುಟ್ಟಿತು. ಬಲ ಹೆಚ್ಚಿಸಿದ ಎಂಜಿನ್ ಪರೀಕ್ಷಿಸಲು ಹೋಗಿ 1970ರ ಜನವರಿ 10ರಂದು ಸುರಂಜನ್ ದಾಸ್ ಜೀವ ಕೊಟ್ಟರು. ಬೆಂಗಳೂರಿನ ಸುರಂಜನದಾಸ್ ರಸ್ತೆ ಅವರ ಹೆಸರಿನದೇ.

ವೇಗ ಕಡಿಮೆಯಾದರೇನು, ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡಲು ಇದು ಛಲೋ ಅಂತ ವಾಯುಪಡೆ ಕಂಡುಕೊಂಡಿತು. 1967ರಲ್ಲಿ 10ನೇ ಸ್ಕ್ವಾಡ್ರನ್, ಮುಂದೆ ‘ಡೆಸರ್ಟ್ ಟೈಗರ್ಸ್’ ಎಂಬ 220ನೇ ಸ್ಕ್ವಾಡ್ರನ್ ಮಾರುತ್ ಪಡೆದವು. ಸ್ಕ್ವಾಡ್ರನ್ ಅಂದರೆ ಸುಮಾರು 16ರಿಂದ 18 ವಿಮಾನಗಳ ಒಂದು ತಂಡ.

1971ರ ಡಿಸೆಂಬರ್ ಯುದ್ಧದಲ್ಲಿ ಈ ಎರಡೂ ತಂಡ ರಾಜಸ್ಥಾನದಿಂದ ಹಾರಿ ಗಡಿಯಾಚೆ ಬಾಂಬು, ರಾಕೆಟ್ ಸುರಿದವು. ಎರಡು ವಾರದಲ್ಲಿ 300ಕ್ಕೂ ಹೆಚ್ಚು ಸಲ ದಾಳಿಗೆ ಹೋದವು. ನೆಲದಿಂದ ಬಂದ ಗುಂಡಿಗೆ ಕೆಲವು ವಿಮಾನ ಉರುಳಿದ್ದು ಹೌದು. ಆದರೆ ಆಕಾಶದ ಕಾಳಗದಲ್ಲಿ ಒಂದೂ ಸೋಲಲಿಲ್ಲ. ಡಿಸೆಂಬರ್ 7ರಂದು 220ನೇ ತಂಡದ ಕೆ.ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ಒಂದನ್ನು ಹೊಡೆದುರುಳಿಸಿದರು. ಒಂದು ಎಂಜಿನ್ ಬಂದಾದರೂ ಇನ್ನೊಂದರ ಮೇಲೆ ತಾಣ ಮುಟ್ಟಿದ ಮಾರುತ್‌ಗಳೂ ಇದ್ದವು. ಆದರೂ ಹೆಸರೆಲ್ಲ ಲೋಂಗೇವಾಲಾದ ಹಂಟರ್‌ಗಳಿಗೆ ಹೋಯಿತು.

ಒಟ್ಟು 147 ಮಾರುತ್ ತಯಾರಾದವು. 1990ರ ಹೊತ್ತಿಗೆ ಸೇವೆ ಮುಗಿಯಿತು. ಈಗ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲೂ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಒಂದೊಂದು ನಿಂತಿವೆ. ಪೇಟೆಯ ಕೆಲಸಕ್ಕೆ ಹೋದವರು ಮಕ್ಕಳನ್ನು ಕರೆದೊಯ್ದು ತೋರಿಸಬಹುದು.

ತಂಡ ಮಾತ್ರ ಅಳಿದಿಲ್ಲ. 220ನೇ ಸ್ಕ್ವಾಡ್ರನ್ ಈಗ ಸುಖೋಯ್-30 ಹಾರಿಸುತ್ತದೆ. ಆ ಸುಖೋಯ್‌ಗಳು ಬಹುಪಾಲು ತಯಾರಾದದ್ದು ನಮ್ಮ ಉಳ್ಳಾಗಡ್ಡಿ ವ್ಯಾಪಾರಿಗಳಿಗೆ ಗೊತ್ತಿರುವ ನಾಸಿಕ ಜಿಲ್ಲೆಯಲ್ಲೇ. ಆದರೆ ಮಾರುತ್ ಕಲಿಸಿದ ಪಾಠ ಇನ್ನೂ ಬಾಕಿ ಇದೆ. ಬೆಂಗಳೂರಿನ ಇಂದಿನ ತೇಜಸ್‌ಗೂ ಎಂಜಿನ್ ಅಮೆರಿಕದಿಂದ ಬರಬೇಕು, ಅದು ತಡವಾದರೆ ವಿಮಾನವೂ ತಡ. ಹೊಲ ನಮ್ಮದು, ಎತ್ತು ಕಡದ್ದು ಅಂದರೆ ಹದ ತಪ್ಪುವುದು ನಮ್ಮದೇ ಅಲ್ಲವೇ?