ಕಪ್ಪೆಗಣ್ಣಿನ ಪುಟ್ಟ ಕಾರು: ಬ್ರಿಟನ್ನಿನ ಅಗ್ಗದ ಸ್ಪೋರ್ಟ್ಸ್ ಕಾರುಗಳು ಇನ್ನೂ ಯಾಕೆ ಓಡ್ತಿವೆ?

ಇವತ್ತಿನ ಸಂಚಿಕೆ ಸ್ಪೋರ್ಟ್ಸ್ ಕಾರುಗಳ ಬಗ್ಗೆ. ಫೆರಾರಿ, ಲ್ಯಾಂಬೋರ್ಗಿನಿ ಅಂದ್ಕೊಂಡ್ರಾ? ಅಲ್ಲ. ಗಂಟೆಗೆ 97 ಕಿ.ಮೀ. ವೇಗ ಮುಟ್ಟೋಕೆ 20 ಸೆಕೆಂಡ್ ತಗೊಳ್ತಿದ್ದ ಸ್ಪೋರ್ಟ್ಸ್ ಕಾರಿನ ಬಗ್ಗೆ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ, 20 ಸೆಕೆಂಡ್. ಇವತ್ತು ನಮ್ಮ ರಸ್ತೆಗಳಲ್ಲಿ ಓಡೋ ಸಾಮಾನ್ಯ ಹ್ಯಾಚ್‌ಬ್ಯಾಕ್ ಕೂಡ ಅದನ್ನ ಸಿಗ್ನಲ್‌ನಲ್ಲೇ ಹಿಂದೆ ಹಾಕುತ್ತೆ. ಆದ್ರೂ ಬ್ರಿಟನ್ನಿನಲ್ಲಿ ಎಪ್ಪತ್ತು, ಎಂಬತ್ತು ದಾಟಿದ ಎಷ್ಟೋ ಜನ ಆ ಕಾರಿನ ಹೆಸರು ಕಿವಿಗೆ ಬಿದ್ರೆ ಸಾಕು, ಮಾತು ನಿಲ್ಲಿಸೋದಿಲ್ಲ. ಅಷ್ಟು ನಿಧಾನದ ಕಾರಿನ ಮೇಲೆ ಅಷ್ಟು ಪ್ರೀತಿ ಯಾಕೆ?

ನಾನು ಓದಿದ್ದು ಬಿಕಾಂ. ಹಾಗಾಗಿ ದುಡ್ಡಿನ ಲೆಕ್ಕದಿಂದಲೇ ಶುರು ಮಾಡ್ತೀನಿ.

ಸೈಕಲ್ ಶೆಡ್ಡಿನ ಕಾರು

1958ರ ಮೇ ತಿಂಗಳಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಅನ್ನೋ ಕಾರು ಬಿಡುಗಡೆ ಆಯ್ತು. ಇದರ ಹಿಂದಿದ್ದವರು ಡೊನಾಲ್ಡ್ ಹೀಲಿ. 1931ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವರು. ತಯಾರಿಸಿದ್ದು ಬ್ರಿಟಿಷ್ ಮೋಟರ್ ಕಾರ್ಪೊರೇಷನ್, ಅಂದ್ರೆ ಬಿಎಂಸಿ. ಹುಡುಗನೊಬ್ಬ ತನ್ನ ಸೈಕಲ್ ಶೆಡ್ಡಲ್ಲಿ ನಿಲ್ಲಿಸಿಕೊಳ್ಳಬಹುದಾದ ಕಾರು ಬೇಕು ಅನ್ನೋದು ಯೋಚನೆಯಾಗಿತ್ತು ಅಂತ ಇಂದಿಗೂ ಹೇಳ್ತಾರೆ.

ಅಗ್ಗ ಮಾಡೋದು ಹೇಗೆ? ಹೊಸದಾಗಿ ಏನನ್ನೂ ಮಾಡಬೇಡಿ, ಇರೋದನ್ನೇ ಜೋಡಿಸಿ. 948 ಸಿಸಿ ಇಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಬಂದಿದ್ದು ಆಸ್ಟಿನ್ ಎ35 ಅನ್ನೋ ಸಾದಾ ಸಂಸಾರಿಗಳ ಕಾರಿನಿಂದ. ಸ್ಟಿಯರಿಂಗ್ ಬಂದಿದ್ದು ಮಾರಿಸ್ ಮೈನರ್‌ನಿಂದ. ಇಂಜಿನ್‌ಗೆ ಎರಡು ಕಾರ್ಬ್ಯುರೇಟರ್ ಕೂರಿಸಿದ್ರು, 43 ಅಶ್ವಶಕ್ತಿ ಬಂತು. ಡಿಕ್ಕಿಗೆ ಮುಚ್ಚಳ ಇಲ್ಲ. ಸ್ಟೆಪ್ನಿ ಬೇಕಂದ್ರೆ ಸೀಟಿನ ಹಿಂದಿನಿಂದ ತಲೆ ತೂರಿಸಿ ಎಳ್ಕೋಬೇಕು. ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ. ಕೈ ಒಳಗೆ ಹಾಕಿ ತೆಗೀಬೇಕು. ಹೆಡ್‌ಲೈಟ್‌ಗಳನ್ನ ಬೇಡದಾಗ ಮಡಚಿ ಮಲಗಿಸೋ ಹಾಗೆ ಮಾಡಬೇಕು ಅಂತಿತ್ತು. ಖರ್ಚು ಜಾಸ್ತಿ ಅಂತ ಕೈಬಿಟ್ರು. ಅವು ಬಾನೆಟ್ ಮೇಲೆ ಉಬ್ಬಿಕೊಂಡೇ ಉಳಿದ್ವು, ಜನ ಕಾರಿಗೆ ‘ಕಪ್ಪೆಗಣ್ಣು’ ಅಂತ ಹೆಸರಿಟ್ರು. ಇವತ್ತು ಎಲ್ಲರೂ ಮುದ್ದು ಮಾಡೋ ಆ ಮುಖ ಹುಟ್ಟಿದ್ದು ಖರ್ಚು ಉಳಿಸೋಕೆ ಹೋಗಿ!

ಬೆಲೆ ತೆರಿಗೆ ಸೇರಿ 700 ಪೌಂಡ್‌ಗಿಂತ ಕಡಿಮೆ. ಅದರಲ್ಲೂ ಹತ್ತಿರ ಹತ್ತಿರ ಮೂರನೇ ಒಂದು ಭಾಗ ತೆರಿಗೆಯೇ. ಮೂರು ವರ್ಷದಲ್ಲಿ ಸುಮಾರು 49 ಸಾವಿರ ಕಾರು ತಯಾರಾದ್ವು. 1961ರಲ್ಲಿ ಇದರ ಅವಳಿ ತಮ್ಮನ ಹಾಗೆ ಎಂಜಿ ಮಿಡ್ಜೆಟ್ ಬಂತು. 1962ರಲ್ಲಿ ಎದುರಾಳಿ ಕಂಪನಿಯಿಂದ ಟ್ರಯಂಫ್ ಸ್ಪಿಟ್‌ಫೈರ್ ಬಂತು.

ನಮ್ಮ ರಸ್ತೆಯ ನೆಂಟರು

ಈ ಕಾರುಗಳು ನಮಗೆ ಸಂಬಂಧವೇ ಇಲ್ಲದವು ಅನ್ಕೋಬೇಡಿ. ಸ್ಪಿಟ್‌ಫೈರ್‌ನ ಅಡಿಪಾಯ ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿ. ಅದನ್ನೇ ಗಿಡ್ಡ ಮಾಡಿ ಬಳಸಿದ್ರು. ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಆಗಿ ತಯಾರಾಗಿ, ನಮ್ಮ ಅಜ್ಜಂದಿರ ಕಾಲದ ಬೆಂಗಳೂರು, ಮೈಸೂರಿನ ಬೀದಿಗಳಲ್ಲೂ ಓಡ್ತು. ಮೂತಿಯೆಲ್ಲ ಒಟ್ಟಿಗೆ ಮುಂದಕ್ಕೆ ಬಗ್ಗೋ ಆ ಬಾನೆಟ್ ನೆನಪಿರೋರು ಇನ್ನೂ ಇದ್ದಾರೆ. ಇನ್ನು ನಮ್ಮ ಅಂಬಾಸಿಡರ್! ಅದರಲ್ಲಿ ದಶಕಗಟ್ಟಲೆ ಓಡಿದ 1489 ಸಿಸಿ ಬಿಎಂಸಿ ಇಂಜಿನ್ ಇದೆಯಲ್ಲ, 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಅದೇ ಕುಟುಂಬದ್ದು. ಅಂದ್ರೆ ಸರ್ಕಾರಿ ಅಧಿಕಾರಿಯ ಬಿಳಿ ಕಾರಿಗೂ ರೇಸ್ ಟ್ರ್ಯಾಕಿನ ಕೆಂಪು ಕಾರಿಗೂ ಒಂದೇ ಮನೆತನ.

ತೆರಿಗೆ ತಪ್ಪಿಸಿದ ಪೆಟ್ಟಿಗೆ

ಕಾಮರ್ಸ್ ಓದೋರು ಇದನ್ನ ಕೇಳಲೇಬೇಕು. 1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಅನ್ನೋ ಕಾರು ತಂತು. ಪೂರ್ತಿ ಕಾರು ಕೊಂಡ್ರೆ ಖರೀದಿ ತೆರಿಗೆ ಕಟ್ಟಬೇಕು. ಬಿಡಿಭಾಗಗಳಾಗಿ ಕೊಂಡು ಮನೇಲಿ ನೀವೇ ಜೋಡಿಸಿಕೊಂಡ್ರೆ ಆ ತೆರಿಗೆ ಇಲ್ಲ. ಜೋಡಿಸೋದು ಹೇಗೆ ಅನ್ನೋ ಪುಸ್ತಕ ಕೊಡೋ ಹಾಗಿಲ್ಲ ಅನ್ನೋ ನಿಯಮಕ್ಕೆ, ‘ಬಿಚ್ಚೋದು ಹೇಗೆ’ ಅನ್ನೋ ಸೂಚನೆ ಕೊಟ್ಟು, ಹಿಂದಿನಿಂದ ಮುಂದಕ್ಕೆ ಓದ್ಕೊಳ್ಳಿ ಅಂದ್ರು ಅನ್ನೋ ಕತೆ ಬಹಳ ಜನಪ್ರಿಯ. 1973ರಲ್ಲಿ ಬ್ರಿಟನ್ ಖರೀದಿ ತೆರಿಗೆ ತೆಗೆದು ವ್ಯಾಟ್ ತಂದಾಗ ಆ ಲಾಭ ಹೋಯ್ತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯ್ತು. ಆ ಕಾರು ಇವತ್ತಿಗೂ ತಯಾರಾಗುತ್ತೆ.

ಈ ಕತೆಯಿಂದ ಒಂದು ವಿಷಯ ಗೊತ್ತಾಗುತ್ತೆ. ಮನೆಯ ಶೆಡ್ಡಲ್ಲಿ ಸ್ಪ್ಯಾನರ್ ಹಿಡಿದು ಕಾರು ಜೋಡಿಸೋದು ಆಗ ಹುಚ್ಚು ಸಾಹಸ ಆಗಿರಲಿಲ್ಲ. ಸಂಬಳ ಕಡಿಮೆ ಇದ್ದ ಹುಡುಗರಿಗೆ ಕಾರು ಸಿಗೋ ದಾರಿಯೇ ಅದಾಗಿತ್ತು.

ಅದೇ ಕಾರಲ್ಲಿ ಹೋಗಿ, ಅದರಲ್ಲೇ ರೇಸ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ತುಂಬ ಖಾಲಿ ವಾಯುನೆಲೆಗಳು ಉಳಿದಿದ್ವು. ಸಿಲ್ವರ್‌ಸ್ಟೋನ್ ಅಂಥದ್ದೇ ಜಾಗ. 1948ರಲ್ಲಿ ಅಲ್ಲಿ ರೇಸ್ ಶುರುವಾಯ್ತು. ಗುಡ್‌ವುಡ್ ಕೂಡ ಹಾಗೇ, ಅದೇ ವರ್ಷ. ನಮ್ಮ ಕಡೆಯ ಹಳೇ ರೇಸ್ ಪ್ರಿಯರಿಗೆ ಇದು ಗೊತ್ತಿರೋ ಕತೆ: ಮದ್ರಾಸ್ ಹತ್ತಿರದ ಶೋಲಾವರಂ ಕೂಡ ಯುದ್ಧಕಾಲದ ವಿಮಾನದ ರನ್‌ವೇನೇ.

ಅಲ್ಲಿನ ಕ್ಲಬ್ ರೇಸ್‌ಗಳ ನೆನಪುಗಳಲ್ಲಿ ಒಂದು ದಿನಚರಿ ಮತ್ತೆ ಮತ್ತೆ ಬರುತ್ತೆ. ವಾರವೆಲ್ಲ ಕೆಲಸಕ್ಕೆ ಹೋಗಿ ಬಂದ ಕಾರಿನಲ್ಲೇ ವಾರಾಂತ್ಯ ಬೆಳಗ್ಗೆ ಟ್ರ್ಯಾಕಿಗೆ ಹೋಗೋದು. ಬಂಪರ್ ಬಿಚ್ಚೋದು. ಗಾಜು ಒಡೆದು ಚೆಲ್ಲಾಡದ ಹಾಗೆ ಹೆಡ್‌ಲೈಟ್ ಮೇಲೆ ಟೇಪ್ ಅಂಟಿಸೋದು. ಬಾಗಿಲ ಮೇಲೆ ನಂಬರ್ ಹಚ್ಚೋದು. ರೇಸ್ ಮಾಡಿ, ಎಲ್ಲ ಮತ್ತೆ ಜೋಡಿಸಿ, ಅದರಲ್ಲೇ ಮನೆಗೆ ಬರೋದು. ಏನಾದ್ರೂ ಮುರಿದ್ರೆ? ಎ35 ಕಾರಿನ ಭಾಗ ಯಾವ ಗುಜರಿಯಲ್ಲಾದ್ರೂ ಸಿಕ್ತಿತ್ತು.

ಸಣ್ಣ ಕಾರುಗಳು ದೊಡ್ಡ ಅಂಗಳದಲ್ಲೂ ಆಡಿದ್ವು. 1959ರಲ್ಲಿ ಅಮೆರಿಕದ ಸೆಬ್ರಿಂಗ್ 12 ಗಂಟೆ ರೇಸ್‌ನಲ್ಲಿ ಸ್ಪ್ರೈಟ್‌ಗಳು ತಮ್ಮ ವರ್ಗ ಗೆದ್ವು. ಮುಂದಿನ ವರ್ಷ ಸ್ಟರ್ಲಿಂಗ್ ಮಾಸ್ ಅಂಥ ದಿಗ್ಗಜ ಅಲ್ಲೇ ಸ್ಪ್ರೈಟ್ ಓಡಿಸಿದ್ರು. 1965ರ ಲೆ ಮಾನ್ಸ್ 24 ಗಂಟೆ ರೇಸ್‌ನಲ್ಲಿ ಸ್ಪಿಟ್‌ಫೈರ್ ತನ್ನ ವರ್ಗ ಗೆಲ್ತು. ಭಾನುವಾರದ ಹುಡುಗನಿಗೆ ಇದರಿಂದ ಸಿಕ್ಕಿದ್ದು ಒಂದು ಹೆಮ್ಮೆ: ‘ಅವರು ಓಡಿಸಿದ್ದು, ನಾನು ಓಡಿಸೋದು, ಒಂದೇ ಜಾತಿ ಕಾರು.’

ಮತ್ತೆ ವೇಗ? ಸ್ಪ್ರೈಟ್‌ನ ಗರಿಷ್ಠ ವೇಗ ಗಂಟೆಗೆ ಸುಮಾರು 133 ಕಿ.ಮೀ. ಆದ್ರೆ ಕೂರೋದು ನೆಲಕ್ಕೆ ತಾಗೋ ಹಾಗೆ. ಮೇಲೆ ಸೂರಿಲ್ಲ, ಗಾಳಿ ಮುಖಕ್ಕೆ ಹೊಡೆಯುತ್ತೆ, ಸ್ಟಿಯರಿಂಗ್ ಒಂಚೂರು ತಿರುಗಿಸಿದ್ರೆ ಕಾರು ತಟಕ್ಕನೆ ತಿರುಗುತ್ತೆ. 60ರಲ್ಲಿ ಹೋದ್ರೂ 120ರಲ್ಲಿ ಹೋದ ಹಾಗೆ ಅನಿಸುತ್ತೆ. ಕಾನೂನು ಮುರಿಯದೇ ಪೂರ್ತಿ ಮಜಾ.

ನೆನಪು ಹೇಳದ ಭಾಗ

ಇಲ್ಲಿ ಸ್ವಲ್ಪ ನಿಲ್ಲೋಣ. ನೆನಪುಗಳು ಸಿಹಿಯಾಗಿರೋಕೆ ಒಂದು ಕಾರಣ, ಅದನ್ನ ಹೇಳೋರು ಬದುಕಿ ಉಳಿದವರು. ಮೊದಲ ಸ್ಪಿಟ್‌ಫೈರ್‌ಗಳ ಹಿಂದಿನ ಆಕ್ಸಲ್‌ನಲ್ಲಿ ಒಂದು ಕೆಟ್ಟ ಗುಣ ಇತ್ತು. ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಗಿರಕಿ ಹೊಡೀಬಹುದಿತ್ತು. ಇದನ್ನ ಪಳಗಿಸೋ ಸುಧಾರಣೆ ಬಂದಿದ್ದು 1970ರ ಮಾದರಿಯಲ್ಲಿ. ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರು ಬೆಲ್ಟ್ ಹಾಕಲೇಬೇಕು ಅನ್ನೋ ಕಾನೂನು ಬಂದಿದ್ದು 1983ರಲ್ಲಿ. ತುಕ್ಕಂತೂ ಬಿಡಿ. ಬಾಗಿಲ ಕೆಳಗಿನ ಪಟ್ಟಿ, ನೆಲ, ಹಿಂದಿನ ಸ್ಪ್ರಿಂಗ್ ಕಚ್ಚಿಕೊಂಡಿರೋ ಜಾಗ, ಎಲ್ಲ ಒಳಗೊಳಗೇ ಕರಗಿ ಹೋಗ್ತಿತ್ತು. ಹೊರಗೆ ಮಾತ್ರ ಪೇಂಟ್ ಫಳಫಳ. ಇವತ್ತು ಕೊಳ್ಳೋರು ಇಂಜಿನ್‌ಗಿಂತ ಮೊದಲು ಆ ಜಾಗಗಳನ್ನ ನೋಡೋದು ಅದಕ್ಕೇ.

ಕಂಪನಿ ಹೋಯ್ತು, ಕಾರು ಉಳೀತು

1968ರಲ್ಲಿ ಎಲ್ಲ ಕಂಪನಿಗಳು ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯ್ತು. ಹಿಂದೆ ಎದುರಾಳಿಗಳಾಗಿದ್ದ ಮಿಡ್ಜೆಟ್, ಸ್ಪಿಟ್‌ಫೈರ್ ಒಂದೇ ಮನೆ ಸೇರಿದ್ವು. ಹೊಸ ಮಾದರಿಗೆ ಹಣ ಹಾಕೋರಿಲ್ಲ. ಅಮೆರಿಕದ ನಿಯಮಗಳಿಗೆ ಹೊಂದಿಸೋಕೆ 1974ರಲ್ಲಿ ಮಿಡ್ಜೆಟ್‌ಗೆ ದಪ್ಪ ಕಪ್ಪು ಬಂಪರ್ ಹಾಕಿ, ಕಾರನ್ನೇ ಎತ್ತರ ಮಾಡಿದ್ರು. ತಿರುವಿನ ಮಜಾ ಹಾಳಾಯ್ತು. 1979ರಲ್ಲಿ ಮಿಡ್ಜೆಟ್ ನಿಂತಿತು, 1980ರಲ್ಲಿ ಸ್ಪಿಟ್‌ಫೈರ್ ನಿಂತಿತು, ಎಂಜಿಯ ಆಬಿಂಗ್ಡನ್ ಕಾರ್ಖಾನೆಯೂ ಮುಚ್ಚಿತು. ಆ ಖಾಲಿ ಜಾಗಕ್ಕೆ 1989ರಲ್ಲಿ ಬಂದಿದ್ದು ಜಪಾನಿನ ಮಾಜ್ದಾ ಎಂಎಕ್ಸ್-5. ಐಡಿಯಾ ಅದೇ, ಆದ್ರೆ ಮಳೆಗೆ ಸೋರೋದಿಲ್ಲ.

ಹಾಗಿದ್ರೆ ಹಳೆಯವು ಗುಜರಿಗೆ ಹೋಗ್ಬೇಕಿತ್ತಲ್ವಾ? ಹೋಗ್ಲಿಲ್ಲ. ಮಾಲೀಕರ ಕ್ಲಬ್‌ಗಳು ಬಿಡಿಭಾಗ ಮಾಡಿಸಿಕೊಂಡ್ವು. ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋ ಸಂಸ್ಥೆ ಹಳೆಯ ಅಚ್ಚುಗಳನ್ನ ಹುಡುಕಿ 1988ರಲ್ಲಿ ಎಂಜಿಬಿ ಕಾರಿಗೆ ಹೊಚ್ಚಹೊಸ ಬಾಡಿ ಮಾಡೋಕೆ ಶುರು ಮಾಡ್ತು, ಆಮೇಲೆ ಮಿಡ್ಜೆಟ್‌ಗೂ. 40 ವರ್ಷ ದಾಟಿದ ಕಾರಿಗೆ ಅಲ್ಲಿ ರಸ್ತೆ ತೆರಿಗೆ ವಿನಾಯಿತಿಯೂ ಇದೆ. ಕಂಪನಿ ಕೈಬಿಟ್ಟ ವಸ್ತುವನ್ನ ಗಿರಾಕಿಗಳೇ ಬದುಕಿಸಿಕೊಂಡ್ರು. ಬ್ಯಾಟರಿ ಕೂಡ ನಾವೇ ಬದಲಾಯಿಸೋಕೆ ಆಗದ ಫೋನ್ ಹಿಡ್ಕೊಂಡಿರೋ ನಮಗೆ ಇದು ಯೋಚಿಸಬೇಕಾದ ವಿಷಯ.

ಈಗ ಏನು ಕಷ್ಟ?

ಒಂದು, ಪೆಟ್ರೋಲ್. 2021ರಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲ್‌ನಲ್ಲಿ 10% ವರೆಗೆ ಎಥನಾಲ್ ಇದೆ. ಹಳೆಯ ರಬ್ಬರ್ ಪೈಪುಗಳನ್ನ ಅದು ತಿನ್ನುತ್ತೆ. ಇ20 ಬಗ್ಗೆ ಇಲ್ಲಿ ಜಗಳ ಕೇಳಿರೋ ನಿಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಎರಡು, ಬೆಲೆ. ಹುಡುಗರ ಕೈಗೆ ಸಿಗ್ಲಿ ಅಂತ ಹುಟ್ಟಿದ ಕಪ್ಪೆಗಣ್ಣು ಈಗ ಸಂಗ್ರಹಕಾರರ ವಸ್ತು.

ಮೂರನೆಯದೇ ದೊಡ್ಡದು: ಕೈಗೆ ಬಂದ ವಿದ್ಯೆ. ಎರಡು ಕಾರ್ಬ್ಯುರೇಟರ್‌ಗಳನ್ನ ಸರಿಸಮ ಮಾಡೋಕೆ ಹಳಬರು ಒಂದು ತುಂಡು ರಬ್ಬರ್ ಪೈಪ್ ತಗೊಂಡು, ಒಂದು ತುದಿ ಕಾರ್ಬ್ಯುರೇಟರ್ ಬಾಯಿಗೆ, ಇನ್ನೊಂದು ತುದಿ ಕಿವಿಗೆ ಹಿಡೀತಾರೆ. ಗಾಳಿ ಎಳೆಯೋ ‘ಸುಯ್’ ಶಬ್ದ ಎರಡರಲ್ಲೂ ಒಂದೇ ಆಗೋ ತನಕ ಸ್ಕ್ರೂ ತಿರುಗಿಸ್ತಾರೆ. ಅಚ್ಚು ಸಿಕ್ಕರೆ ಬಾಡಿ ಮತ್ತೆ ಮಾಡಬಹುದು. ಆ ಕಿವಿಯನ್ನ ಮಾತ್ರ ಪಕ್ಕದಲ್ಲಿ ನಿಂತೇ ಕಲೀಬೇಕು, ಕಲಿಸೋರಿಗೆ ವಯಸ್ಸಾಗ್ತಿದೆ. ಕ್ಲಬ್‌ಗಳು ಎಳೆಯರನ್ನ ಸೇರಿಸಿಕೊಳ್ಳೋಕೆ ಒದ್ದಾಡೋದು ಇದಕ್ಕೇ.

ಹಾಂ, ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೇಲಿ ಅಥವಾ ಓಣಿಯಲ್ಲಿ ಹೆರಾಲ್ಡ್, ಅಂಬಾಸಿಡರ್ ರಿಪೇರಿ ಮಾಡಿದ ಅಜ್ಜ, ದೊಡ್ಡಪ್ಪ, ಮೆಕ್ಯಾನಿಕ್ ಮಾಮ ಯಾರಾದ್ರೂ ಇದ್ರೆ, ಇಂಜಿನ್ ಶಬ್ದ ಕೇಳಿ ರೋಗ ಹೇಗೆ ಕಂಡುಹಿಡೀತಿದ್ರಿ ಅಂತ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡಿ, ಅವರು ಒಪ್ಪಿದ್ರೆ ನಮಗೆ ಕಳಿಸಿ. ಒಳ್ಳೆಯವನ್ನ ಮುಂದೊಂದು ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸ್ತೀನಿ. ಅಲ್ಲಿವರೆಗೆ ಹೆಲ್ಮೆಟ್ ಹಾಕ್ಕೊಳ್ಳಿ, ಬೆಲ್ಟ್ ಕಟ್ಕೊಳ್ಳಿ. ಸಿಗೋಣ.